ಏಳುನೂರ ಎಂಬತ್ತಮೂರು ಜಿಂಕೆಗಳು

ಅರಣ್ಯ ಇಲಾಖೆಯ ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಗ್ರಾಫ್ ಮೇಡಂ. ಕಾಡಿನಲ್ಲಿ ಯಾವ ಪ್ರಾಣಿ ಎಷ್ಟಿವೆ, ಐದು ವರ್ಷದ ಮೇಲೆ ಎಷ್ಟಾಗುತ್ತವೆ ಎಂದು ಸಮೀಕರಣ ಕಟ್ಟಿ, ಗೆರೆ ಎಳೆದು ತೋರಿಸುವುದು ಅವಳ ಕೆಲಸ. ಅದೇ ಇಲಾಖೆಯ ಕಟ್ಟಕಡೆಯ ಮೆಟ್ಟಿಲಲ್ಲಿ ಅವಳ ಅಪ್ಪನೂ ಇದ್ದ. ಅವನು ಜಲಾಶಯದ ನಡುವಿನ ದ್ವೀಪದ ಕಾವಲುಗಾರ.

ಅದು ಹುಟ್ಟಿನಿಂದ ದ್ವೀಪವೇನಲ್ಲ. ಅಣೆಕಟ್ಟು ಕಟ್ಟಿ ನೀರು ನಿಂತಾಗ ಸುತ್ತಲಿನದೆಲ್ಲ ಮುಳುಗಿ ಒಂದು ಗುಡ್ಡದ ನೆತ್ತಿ ಮಾತ್ರ ಮೇಲೆ ಉಳಿಯಿತು. ಓಡಿ ಓಡಿ ಅಲ್ಲಿಗೆ ಹತ್ತಿದ ನಲವತ್ತನಾಲ್ಕು ಜಿಂಕೆಗಳು ಅಲ್ಲೇ ಸಿಕ್ಕಿಕೊಂಡವು. ಅವನ್ನು ತಿನ್ನುವ ಪ್ರಾಣಿ ಒಂದೂ ಹತ್ತಲಿಲ್ಲ. ಹುಲ್ಲು ಸೊಂಟದೆತ್ತರ ಇತ್ತು. ಹನ್ನೊಂದು ವರ್ಷದಲ್ಲಿ ಅವು ಐನೂರ ಇಪ್ಪತ್ತಾದವು. ರಜಾದಿನಗಳಲ್ಲಿ ಪಟ್ಟಣದ ಜನ ಲಾಂಚಿನಲ್ಲಿ ಬಂದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನ್ನು ನೋಡಿ ಹೋಗುತ್ತಿದ್ದರು.

ಅಪ್ಪ ಅವುಗಳಲ್ಲಿ ಎಷ್ಟಕ್ಕೋ ಅಡ್ಡಹೆಸರು ಇಟ್ಟಿದ್ದ. ಮೂಗೆತ್ತಿಕೊಂಡು ಯಾರ ಮೇವೂ ರುಚಿಸದವಳಂತೆ ನಿಲ್ಲುತ್ತಿದ್ದ ಒಂದು ಹೆಣ್ಣು ಜಿಂಕೆ 'ಬೀಗಿತ್ತಿ'. ಮರಿಗಳ ಹಿಂಡಿನ ಹಿಂದೆ ಸದಾ ಗದರುವವನಂತೆ ತಿರುಗುವ ಗಂಡು 'ಮೇಷ್ಟ್ರು'. ತಿಂಗಳಿಗೊಮ್ಮೆ ಮನೆಗೆ ಬಂದಾಗ ಅವನು ನೆಂಟರಿಷ್ಟರ ಸುದ್ದಿ ಹೇಳುವ ಹಾಗೆ ಅವುಗಳ ಸುದ್ದಿ ಹೇಳುತ್ತಿದ್ದ.

ಐನೂರು ದಾಟಿದ ಮೇಲೆ ಇಲಾಖೆಗೆ ಚಿಂತೆ ಹತ್ತಿತು. ಇನ್ನೂರು ಜಿಂಕೆಗಳನ್ನು ಗುಂಡಿಟ್ಟು ಕಡಿಮೆ ಮಾಡಬೇಕು, ಮುಂದೆಯೂ ಮುನ್ನೂರೈವತ್ತರ ಮೇಲೆ ಹೋಗಲು ಬಿಡಬಾರದು ಎಂದು ಪಶುವೈದ್ಯ ಬರೆದುಕೊಟ್ಟ. ಲೆಕ್ಕ ಏನು ಹೇಳುತ್ತದೆ ಎಂದು ಸಾಹೇಬರು ಗ್ರಾಫ್ ಮೇಡಂ ಅನ್ನು ಕೇಳಿದರು.

ಅವಳು ಹನ್ನೊಂದು ವರ್ಷಗಳ ಎಣಿಕೆಯನ್ನು ಚುಕ್ಕೆಗಳಾಗಿ ಇಟ್ಟು ನೋಡಿದಳು. ಅವುಗಳ ನಡುವೆ ಒಂದಲ್ಲ, ಎರಡು ಗೆರೆಗಳು ಹಾಯುತ್ತಿದ್ದವು. ಇಲ್ಲಿಯವರೆಗೆ ಎರಡೂ ಭುಜಕ್ಕೆ ಭುಜ ತಾಗಿಸಿಕೊಂಡು ಬಂದಿದ್ದವು, ಇಲ್ಲಿಂದ ಮುಂದೆ ಬೇರೆಯಾಗುತ್ತಿದ್ದವು. ಒಂದರ ಪ್ರಕಾರ ದ್ವೀಪಕ್ಕೆ ಆರುನೂರೈವತ್ತು ಜಿಂಕೆಗಳನ್ನು ಸಾಕುವಷ್ಟೇ ಶಕ್ತಿ. ಇನ್ನೊಂದರ ಪ್ರಕಾರ ಸಾವಿರದ ಇನ್ನೂರು. ಯಾವುದು ನಿಜ ಎಂದು ಹೇಳಲು ಆ ಚುಕ್ಕೆಗಳಿಗೆ ಬಾಯಿರಲಿಲ್ಲ. ಸಂಖ್ಯೆ ಇನ್ನೂ ಏರುತ್ತಿರುವಾಗ ಅದು ಎಲ್ಲಿ ನಿಲ್ಲುತ್ತದೆಂದು ಹೇಳುವುದು ಕಷ್ಟ ಎಂಬುದು ಅವಳಿಗೆ ಕಾಲೇಜಿನಿಂದಲೇ ಗೊತ್ತಿದ್ದ ವಿಷಯ.

ಗೊತ್ತಿದ್ದೂ ಅವಳು ಒಂದನ್ನು ಅಳಿಸಿದಳು. ಗುಂಡು ಹಾರಿಸುವ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ದ್ವೀಪದಲ್ಲಿ ಇಲಾಖೆಯ ಬಂದೂಕು ಇದ್ದದ್ದು ಒಂದೇ. ಅದು ಅಪ್ಪನ ಗುಡಿಸಿಲ ಮೊಳೆಗೆ ನೇತುಬಿದ್ದಿತ್ತು.

ಸಭೆಯಲ್ಲಿ ಅವಳು ಸಾವಿರದ ಇನ್ನೂರರ ಗೆರೆಯನ್ನು ಗೋಡೆಯ ಮೇಲೆ ಬಿಟ್ಟಳು. ಅಂಕಿಗಳನ್ನು ಕಂಡರೆ ಹಿಂಜರಿಯುವವರಿಗಾಗಿ ಬಸ್ಸಿನ ಉದಾಹರಣೆ ಕೊಟ್ಟಳು.

"ಖಾಲಿ ಬಸ್ಸು ಬೇಗ ತುಂಬುತ್ತೆ ಸರ್. ತುಂಬ್ತಾ ತುಂಬ್ತಾ ಹತ್ತೋರು ಕಡಿಮೆ ಆಗ್ತಾರೆ. ಪೂರ್ತಿ ತುಂಬಿದ ಮೇಲೆ ಒಬ್ಬರು ಇಳಿದ್ರೆ ಇನ್ನೊಬ್ಬರು ಹತ್ತಬೇಕು. ಜಿಂಕೆಗಳೂ ಹಾಗೇ. ಜಾಗ ಕಡಿಮೆ ಆದ ಹಾಗೆ ಮರಿ ಕಡಿಮೆ ಆಗುತ್ತೆ. ನಾವು ಯಾರೂ ಕೈ ಹಾಕದೇ ಇದ್ರೂ ಅದು ತಾನಾಗೇ ನಿಲ್ಲುತ್ತೆ."

ಪಶುವೈದ್ಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಎಲ್ಲಾ ಸರಿ ಮೇಡಂ. ಆದರೆ ಬಸ್ಸಲ್ಲಿ ಕೂತವರು ಸೀಟನ್ನ ತಿನ್ನಲ್ವಲ್ಲ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ಮುಗಿಯುವಷ್ಟರಲ್ಲಿ ಸಾಹೇಬರು ಕಡತ ಮುಚ್ಚಿದ್ದರು. ಜನ ಪ್ರೀತಿಸುವ ಜಿಂಕೆಗಳ ಮೇಲೆ ಗುಂಡು ಹಾರಿಸಿ ಪತ್ರಿಕೆಗಳ ಬಾಯಿಗೆ ಬೀಳುವುದು ಅವರಿಗೂ ಬೇಕಿರಲಿಲ್ಲ. ಗೆರೆ ಅವರಿಗೆ ಮುಳುಗುವವನ ಕೈಗೆ ಸಿಕ್ಕ ಹಗ್ಗದಂತಾಗಿತ್ತು.

ಆ ತಿಂಗಳು ಅಪ್ಪ ಮನೆಗೆ ಬಂದಾಗ ಅವಳು ಉಬ್ಬಿಕೊಂಡೇ ಸುದ್ದಿ ಹೇಳಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇನ್ನೂ ಇಷ್ಟು ಜಿಂಕೆಗೆ ಜಾಗ ಇದೆ ಅಂತ ಯಾರು ಹೇಳಿದ್ದು?"

"ಲೆಕ್ಕ ಹೇಳ್ತಪ್ಪಾ."

"ಅಲ್ಲಿ ಇರೋನು ನಾನು. ನನ್ನ ಒಂದು ಮಾತು ಕೇಳಬಹುದಿತ್ತು."

"ನಿನ್ನ ಕೇಳಿದ್ರೆ ನೀನು ಹೊಡಿ ಅಂತಿದ್ದೆಯಾ?"

"ಹೊಡೀತಿದ್ದೆ," ಎಂದ ಅಪ್ಪ. "ಸಂಕಟ ಆಗ್ತಿತ್ತು. ಆದರೂ ಹೊಡೀತಿದ್ದೆ."

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಜಿಂಕೆ ಬಿಟ್ಟು ಬೇರೆ ಏನಾದ್ರೂ ಮಾತಾಡ್ರಿ ಇಬ್ಬರೂ. ಊಟ ಆರಿ ತಣ್ಣಗಾಗ್ತಿದೆ."

ಇಬ್ಬರೂ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಸಂಕಟ ಆಗ್ತಿತ್ತು ಎಂಬ ಮಾತನ್ನಷ್ಟೇ ಅವಳು ಹಿಡಿದುಕೊಂಡಳು. ತಾನು ಮಾಡಿದ್ದು ಸರಿ ಎನ್ನಲು ಅವಳಿಗೆ ಅಷ್ಟು ಸಾಕಾಗಿತ್ತು.

ಮರುವರ್ಷದ ಎಣಿಕೆ ಆರುನೂರ ಹನ್ನೊಂದು. ಅದರ ಮರುವರ್ಷ ಆರುನೂರ ತೊಂಬತ್ತನಾಲ್ಕು. ಎರಡು ಚುಕ್ಕೆಗಳೂ ಅವಳ ಗೆರೆಯ ಮೇಲೆ ಬಂದು ಕೂತವು. ಆರುನೂರೈವತ್ತರ ಗೆರೆ ಸುಳ್ಳೆಂದು ಸಾಬೀತಾಯಿತಲ್ಲ ಎಂದು ಅವಳ ಎದೆ ಹಗುರಾಯಿತು. ಪತ್ರಿಕೆಯೊಂದು ಅವಳ ಫೋಟೋ ಹಾಕಿ 'ಗುಂಡು ತಡೆದ ಗಣಿತ' ಎಂದು ಬರೆಯಿತು. ಸಾಹೇಬರು ಅದನ್ನು ಕತ್ತರಿಸಿ ಕಚೇರಿಯ ಫಲಕಕ್ಕೆ ಅಂಟಿಸಿದರು.

ಮೂರನೆಯ ವರ್ಷದ ಎಣಿಕೆಗೆ ಅವಳೇ ದ್ವೀಪಕ್ಕೆ ಹೋದಳು. ಅವಳು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ದೋಣಿ ದಡ ಸೇರುವ ಮೊದಲೇ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಗುಡ್ಡದ ಮರಗಳಿಗೆಲ್ಲ ಯಾರೋ ದಾರ ಹಿಡಿದು ಕ್ಷೌರ ಮಾಡಿದ ಹಾಗಿತ್ತು. ಆಳೆತ್ತರದವರೆಗೆ ಒಂದೆಲೆ ಇಲ್ಲ, ಅಲ್ಲಿಂದ ಮೇಲೆ ಮಾತ್ರ ಹಸಿರು. ಹಿಂಗಾಲ ಮೇಲೆ ನಿಂತ ಜಿಂಕೆಯ ಬಾಯಿ ಎಲ್ಲಿಗೆ ಎಟಕುತ್ತದೋ ಅಲ್ಲಿಗೆ ಹಸಿರು ನಿಂತಿತ್ತು. ಮಳೆಗಾಲ ಆಗಷ್ಟೇ ಮುಗಿದಿದ್ದರೂ ನೆಲ ಬೋಳು ತಲೆಯ ಹಾಗಿತ್ತು.

ಹತ್ತು ಜನ ಸಾಲಾಗಿ ಚಪ್ಪಾಳೆ ತಟ್ಟುತ್ತ ಗುಡ್ಡದ ಒಂದು ತುದಿಯಿಂದ ನಡೆದರು. ಇನ್ನೊಂದು ತುದಿಯ ಕಿರುದಾರಿಯಲ್ಲಿ ಅಪ್ಪ ನಿಂತು, ಹಾದುಹೋಗುವ ಜಿಂಕೆಗಳನ್ನು ಬೆರಳು ಮಡಚಿ ಎಣಿಸಿದ. ಏಳುನೂರ ಎಂಬತ್ತಮೂರು. ಮತ್ತೆ ಗೆರೆಯ ಮೇಲೆಯೇ. ಎಣಿಕೆಯ ಜನ ಕೈ ಕುಲುಕಿದರು. ಅವಳು ಮಾತ್ರ ಜಿಂಕೆಗಳ ಬೆನ್ನುಮೂಳೆಗಳನ್ನೇ ನೋಡುತ್ತಿದ್ದಳು. ಒಂದೊಂದು ಮಣಿಯನ್ನೂ ಎಣಿಸಬಹುದಾಗಿತ್ತು.

ಗುಡಿಸಿಲಲ್ಲಿ ಅಪ್ಪ ತನ್ನ ಎಣಿಕೆಯ ಪುಸ್ತಕ ತೆಗೆದು ಅವಳ ಮುಂದಿಟ್ಟ. ಪ್ರತಿವರ್ಷ ಅದರ ನಕಲು ಕಚೇರಿಗೆ ಬರುತ್ತಿತ್ತು, ಅವಳು ಸಂಖ್ಯೆಯ ಕಂಬಸಾಲನ್ನು ಕಂಪ್ಯೂಟರಿಗೆ ತುಂಬುತ್ತಿದ್ದಳು. ಅದರ ಪಕ್ಕದಲ್ಲಿ 'ಷರಾ' ಎಂಬ ಇನ್ನೊಂದು ಸಾಲಿತ್ತು. ಅದನ್ನು ಅವಳು ಒಂದು ದಿನವೂ ಓದಿರಲಿಲ್ಲ. ಅಂಕಿ ಇಲ್ಲದ್ದನ್ನು ಸಮೀಕರಣ ನುಂಗುವುದಿಲ್ಲ.

'ಹುಲ್ಲು ಮೊಣಕಾಲಿಗೆ ಇಳಿದಿದೆ.' 'ಹೊಸ ಸಸಿ ಒಂದೂ ಮೇಲೇಳುತ್ತಿಲ್ಲ.' 'ಮರಿಗಳು ಹೋದ ವರ್ಷಕ್ಕಿಂತ ಸಣ್ಣವು.' 'ತೊಗಟೆಗೆ ಬಾಯಿ ಹಾಕುತ್ತಿವೆ.' 'ಹುಲ್ಲಿನ ಬೇರು ಕೆದಕಿ ತಿನ್ನುತ್ತಿವೆ, ಮೇಲಿನವರು ಗಮನಿಸಬೇಕು.'

"ಮೇಲಿನವರು ಅಂದ್ರೆ ನಾನೇ ಅಲ್ವಾ ಅಪ್ಪಾ?"

"ನಾನು ಯಾರ ಹೆಸರೂ ಬರೆದಿಲ್ಲ," ಎಂದ ಅಪ್ಪ.

ಅವಳು ಕಚೇರಿಗೆ ಮರಳಿ ಸಮೀಕರಣವನ್ನು ಬುಡದಿಂದ ಬದಲಿಸಿದಳು. ಹಳೆಯದರಲ್ಲಿ ದ್ವೀಪದ ಶಕ್ತಿ ಎಂಬುದು ಕಲ್ಲಿನಲ್ಲಿ ಕೆತ್ತಿದ ಒಂದು ಅಂಕಿ. ಈಗ ಹುಲ್ಲಿಗೂ ಒಂದು ಗೆರೆ ಕೊಟ್ಟಳು. ಜಿಂಕೆ ಏರಿದಷ್ಟೂ ಹುಲ್ಲು ಇಳಿಯಬೇಕು, ಬೇರು ಹೋದರೆ ಮರಳಿ ಹುಟ್ಟುವುದೂ ಇಳಿಯಬೇಕು. ಪಶುವೈದ್ಯ ನಗುತ್ತ ಹೇಳಿದ್ದು ಇದನ್ನೇ, ಸೀಟು ತಿನ್ನುವ ಪ್ರಯಾಣಿಕರನ್ನು. ಗುಂಡಿ ಒತ್ತಿದಳು. ಜಿಂಕೆಯ ಗೆರೆ ಏಳುನೂರ ಎಂಬತ್ತರವರೆಗೆ ಹಳೆಯ ಗೆರೆಯ ಮೇಲೆಯೇ ಹತ್ತಿತು, ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ. ಆಮೇಲೆ ಬಾಗಲಿಲ್ಲ, ಮಟ್ಟಸವಾಗಲಿಲ್ಲ. ಬಂಡೆಯ ಅಂಚಿನಿಂದ ಕಾಲು ಜಾರಿದ ಹಾಗೆ ನೇರ ಕೆಳಗೆ ಬಿತ್ತು.

ಆರುನೂರೈವತ್ತರ ಗೆರೆಯೂ ಸರಿಯಾಗಿರಲಿಲ್ಲ ನಿಜ. ಆದರೆ ಅದನ್ನು ತೋರಿಸಿದ್ದರೆ ಸಾಹೇಬರು ಹೆದರುತ್ತಿದ್ದರು, ಹೆದರಿದ್ದರೆ ಹುಲ್ಲು ಉಳಿಯುತ್ತಿತ್ತು.

ಕಾಗದ ಹಿಡಿದುಕೊಂಡು ಅವಳು ಸಾಹೇಬರ ಕೋಣೆಗೆ ಓಡಿದಳು. "ಸರ್, ಮೇವು ಕಳಿಸಬೇಕು. ಈ ವಾರವೇ. ಇಲ್ಲಾಂದ್ರೆ ಅರ್ಧದಷ್ಟನ್ನಾದ್ರೂ ಹೊಡೀಬೇಕು."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಹೋದ ಸಲ ತಾನಾಗೇ ನಿಲ್ಲುತ್ತೆ ಅಂದವರು ನೀವೇ ಅಲ್ವಾ? ಅದು ಫಲಕದ ಮೇಲೆ ಇದೆ. ಈಗ ನಾನು ಯಾವ ಮುಖ ಇಟ್ಕೊಂಡು ಮೇಲಿನ ಬೋರ್ಡ್ ಮೀಟಿಂಗಿಗೆ ಹೋಗ್ಲಿ?"

"ನನ್ನದು ತಪ್ಪಾಯ್ತು ಅಂತ ಹೇಳಿ ಸರ್."

"ಇನ್ನು ನಾಲ್ಕು ತಿಂಗಳಿಗೆ ಬೋರ್ಡ್ ಸೇರುತ್ತೆ. ಆಗ ನೋಡೋಣ. ಎರಡು ಮಳೆ ಬಿದ್ರೆ ಎಲ್ಲಾ ಚಿಗುರುತ್ತೆ ಬಿಡಿ."

ಮಳೆ ಬೀಳಲಿಲ್ಲ. ಅವಳು ಮೇಲಿನ ಕಚೇರಿಗೆ ಮೂರು ಪತ್ರ ಬರೆದಳು, ಎರಡಕ್ಕೆ ಉತ್ತರವೇ ಬರಲಿಲ್ಲ, ಮೂರನೆಯದಕ್ಕೆ 'ಪರಿಶೀಲಿಸಲಾಗುವುದು' ಎಂದಷ್ಟೇ ಬಂತು. ಪಶುವೈದ್ಯನನ್ನು ಕಂಡು ಕೈಮುಗಿದಳು. ಅವನು ಹಂಗಿಸಲಿಲ್ಲ. ತನ್ನ ಪರಿಚಯದವರಿಂದ ಎರಡು ದೋಣಿ ಒಣಹುಲ್ಲು ಹೊಂದಿಸಿಕೊಟ್ಟ. ಅದು ಎರಡೇ ದಿನಕ್ಕೆ ಸರಿಯಾಯಿತು. ಅಷ್ಟು ಹೊಟ್ಟೆಗಳಿಗೆ ಎರಡು ದೋಣಿ ಎಂದರೆ ಉರಿಯುವ ಮನೆಗೆ ಒಂದು ಚೊಂಬು ನೀರು.

ಎರಡನೇ ತಿಂಗಳು ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿದ. "ಹದಿನಾಲ್ಕು," ಎಂದು ಹೇಳಿ ಇಟ್ಟುಬಿಟ್ಟ. ಮರುದಿನ "ಮೂವತ್ತೆರಡು." ಅದರ ಮರುದಿನ ಫೋನ್ ಬರಲಿಲ್ಲ. ಅವಳು ರಜೆ ಬರೆದಿಟ್ಟು ದೋಣಿ ಹತ್ತಿದಳು.

ಜಲಾಶಯದ ನೀರನ್ನೇ ಪಟ್ಟಣದವರೆಲ್ಲ ಕುಡಿಯುತ್ತಿದ್ದರು. ಬಾಯಾರಿದ ಜಿಂಕೆಗಳು ದಡಕ್ಕೆ ಇಳಿದು, ಕುಡಿದು, ಮತ್ತೆ ಹತ್ತಲು ಕಾಲಲ್ಲಿ ಕಸುವಿಲ್ಲದೆ ಅಲ್ಲೇ ಮಡಚಿಕೊಳ್ಳುತ್ತಿದ್ದವು. ಸತ್ತವನ್ನು ನೀರಿನಿಂದ ಎಳೆದು ಮೇಲೆ ತೋಡಿದ ಹೊಂಡಕ್ಕೆ ಹಾಕುವುದು ಮೊದಲ ಕೆಲಸ. ಅಪ್ಪ, ಅವಳು, ಪಶುವೈದ್ಯ, ದೋಣಿಯವನು, ಇಲಾಖೆ ಕೊನೆಗೂ ಕಳಿಸಿದ ಆರು ಕೂಲಿಗಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಾಲಿಗೆ ಹಗ್ಗ ಬಿಗಿದು, ಇಬ್ಬಿಬ್ಬರು ಎಳೆಯುತ್ತಿದ್ದರು. ಎಳೆಯುವುದು ಕಷ್ಟವೇನಿರಲಿಲ್ಲ. ದೊಡ್ಡ ಜಿಂಕೆಯೂ ಖಾಲಿ ಚೀಲದ ಹಾಗೆ ಹಗುರವಾಗಿತ್ತು.

ಪಶುವೈದ್ಯ ಒಂದರ ಹೊಟ್ಟೆ ಸೀಳಿ ಅವಳನ್ನು ಕರೆದ. ಒಳಗೆ ಮಣ್ಣು, ತೊಗಟೆಯ ಚೂರು, ಲಾಂಚಿನವರು ಎಸೆದ ಪ್ಲಾಸ್ಟಿಕ್ ದಾರ. ತೊಡೆಯ ಮೂಳೆ ಮುರಿದು ತೋರಿಸಿದ. ಮಜ್ಜೆ ಇರಬೇಕಾದಲ್ಲಿ ಕೆಂಪು ನೀರಿತ್ತು. "ಕೊನೆಗೆ ಮೂಳೆಯೊಳಗಿನದನ್ನೂ ತಿಂದುಕೊಂಡಿವೆ. ಇದು ಒಂದು ವಾರದ ಹಸಿವಲ್ಲ ಮೇಡಂ. ಒಂದು ವರ್ಷದ್ದು."

ಅಂದರೆ ಚುಕ್ಕೆ ತನ್ನ ಗೆರೆಯ ಮೇಲೆ ಕೂತಿದೆಯೆಂದು ತಾನು ಖುಷಿಪಟ್ಟ ದಿನವೂ ಅವು ಹಸಿದೇ ಇದ್ದವು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು.

ಏಳಲಾಗದವನ್ನು ಅಪ್ಪ ಗುಂಡಿಟ್ಟು ಮುಗಿಸುತ್ತಿದ್ದ. ಯಾವ ಕೆಲಸ ಅಪ್ಪನಿಗೆ ತಪ್ಪಲಿ ಎಂದು ಅವಳು ಗೆರೆ ಅಳಿಸಿದ್ದಳೋ ಅದೇ ಕೆಲಸ ಈಗ ದಿನಕ್ಕೆ ಐವತ್ತು, ಅರವತ್ತು ಸಲ. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ. ಮೊದಲೆರಡು ದಿನ ಒಂದೊಂದು ಗುಂಡು ಹಾರಿಸಿದ ಮೇಲೂ ಅವನು ಬಂದೂಕು ಕೆಳಗಿಟ್ಟು ಕೂರುತ್ತಿದ್ದ, ಆಮೇಲೆ ಅದೂ ನಿಂತಿತು. ನಿಂತಿದ್ದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಐದನೇ ದಿನ ಬೀಗಿತ್ತಿ ಸಿಕ್ಕಿತು. ದಡದ ಕೆಸರಿನಲ್ಲಿ ಮಲಗಿ, ಆಗಲೂ ಮೂಗು ಮಾತ್ರ ಮೇಲೆತ್ತಿಕೊಂಡಿತ್ತು. ಅಪ್ಪ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಿವಿಯ ಹಿಂದೆ ಒಂದು ಸಲ ಕೆರೆದ. ಆಮೇಲೆ ಎದ್ದು ತನ್ನ ಕೆಲಸ ಮಾಡಿದ.

ಆ ಮಧ್ಯಾಹ್ನ ಗುಡಿಸಿಲ ಮುಂದೆ ಕೈ ತೊಳೆಯುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಆವತ್ತು ನನ್ನ ಹತ್ತಿರ ಎರಡು ಗೆರೆ ಇದ್ವು. ಒಂದನ್ನ ಅಳಿಸಿದೆ. ನಿನ್ನ ಕೈಯಲ್ಲಿ ಗುಂಡು ಹಾರಿಸಬಾರದು ಅಂತ, ನಿನಗೋಸ್ಕರ ಅಂತ ಮಾಡಿದೆ."

ಅಪ್ಪ ಚೊಂಬು ಕೆಳಗಿಟ್ಟ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ದನಿ ಎತ್ತಲೇ ಇಲ್ಲ.

"ನನಗೋಸ್ಕರ ಅನ್ನಬೇಡ," ಎಂದ. "ಅದನ್ನ ನನ್ನ ತಲೆ ಮೇಲೆ ಹಾಕಬೇಡ. ಆವತ್ತು ಇನ್ನೂರು ಹೊಡೆದಿದ್ರೆ ಅವು ಕೊಬ್ಬಿದ್ದಾಗ ಸಾಯ್ತಿದ್ವು. ಒಂದೇ ಕ್ಷಣ. ಇವು ನೋಡು, ನನ್ನ ಗುರುತು ಹಿಡಿದು, ಏನೋ ತಿನ್ನೋಕೆ ತಂದಿದ್ದಾನೆ ಅಂತ ಕತ್ತು ಎತ್ತುತ್ವೆ."

ಅಪ್ಪ ಬಂದೂಕು ತೆಗೆದುಕೊಂಡು ಇಳಿಜಾರಿನಲ್ಲಿ ಇಳಿದುಹೋದ. ಅವಳು ಹಗ್ಗ ತೆಗೆದುಕೊಂಡು ಅವನ ಹಿಂದೆ ಹೋದಳು. ಇನ್ನೂ ಆರು ದಿನ ಇಬ್ಬರೂ ಜೊತೆಯಲ್ಲಿ ಎಳೆದರು. ಹಿಡಿ, ಬಿಡು, ಜಾರುತ್ತೆ ಎನ್ನುವುದನ್ನು ಬಿಟ್ಟು ಬೇರೆ ಮಾತು ಅವರ ನಡುವೆ ನಡೆಯಲಿಲ್ಲ.

ಎಲ್ಲ ಮುಗಿದ ಮೇಲೆ ಮತ್ತೆ ಚಪ್ಪಾಳೆ ತಟ್ಟಿ ಎಣಿಸಿದರು. ಮೂವತ್ತೇಳು. ಅದರಲ್ಲಿ ಗಂಡು ಎರಡೇ. ಮೇಷ್ಟ್ರು ಇರಲಿಲ್ಲ.

ವಿಚಾರಣೆ ಬಂತು. ಅದಕ್ಕೂ ಮೊದಲೇ ಸಾಹೇಬರು ಅವಳನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಬುದ್ಧಿ ಹೇಳಿದರು. "ಎರಡನೇ ಗೆರೆ ಇತ್ತು ಅಂತ ಯಾರಿಗೆ ಗೊತ್ತು? ನಿಮಗೆ ಮಾತ್ರ. ಮಳೆ ಕೈಕೊಡ್ತು ಅಂತ ಬರೀರಿ. ನನಗೂ ಒಳ್ಳೇದು, ನಿಮಗೂ ಒಳ್ಳೇದು."

ಅವಳು ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದು, ಯಾವುದನ್ನು ಯಾವ ದಿನ ಅಳಿಸಿದೆ, ಏಕೆ ಎಂದು ಬರೆದು ಸಹಿ ಹಾಕಿದಳು. ಕಾರಣದಲ್ಲಿ ಅಪ್ಪನನ್ನು ತರಲಿಲ್ಲ. 'ಗುಂಡು ಹಾರಿಸುವುದು ನನಗೆ ಬೇಡವಾಗಿತ್ತು' ಎಂದಷ್ಟೇ ಬರೆದಳು. ಬರೆದಾದ ಮೇಲೆ ಓದಿಕೊಂಡಾಗ ನಿಜ ಅದೇ ಎನ್ನುವುದು ಅವಳಿಗೆ ಗೊತ್ತಾಯಿತು. ಷರಾಗಳನ್ನು ಒಂದೊಂದಾಗಿ ನಕಲು ಮಾಡಿ ಅದಕ್ಕೆ ಲಗತ್ತಿಸಿದಳು.

ಅವಳನ್ನು ಬೀಜ ಭಂಡಾರಕ್ಕೆ ವರ್ಗ ಮಾಡಿದರು. ಅಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. ಸಾಹೇಬರಿಗೆ ಏನೂ ಆಗಲಿಲ್ಲ, ಅವರು ಮೇಲಿನ ಮಹಡಿಗೆ ಹೋದರು. ಅಪ್ಪ ನಿವೃತ್ತನಾಗಿ ಮನೆಗೆ ಬಂದ. ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರೆ ಊಟಕ್ಕೆ ಕರೆಯುವವರೆಗೂ ಅಲ್ಲೇ. ನೆಂಟರ ಸುದ್ದಿ ಎತ್ತುವುದನ್ನೂ ಬಿಟ್ಟುಬಿಟ್ಟಿದ್ದ. ಅಮ್ಮ ಒಂದು ದಿನ ಮಗಳ ಕೈ ಹಿಡಿದು, "ಜಿಂಕೆ ಮಾತು ಬಿಡ್ರಿ ಅಂತ ನಾನೇ ಅಂತಿದ್ದೆ, ಈಗ ಅದನ್ನಾದ್ರೂ ಆಡ್ಲಿ ಅನ್ಸುತ್ತೆ ಕಣೇ," ಎಂದು ಕಣ್ಣೊರೆಸಿಕೊಂಡಳು.

ಮುಂದಿನ ವರ್ಷ ಉಳಿದವು ಮೂವತ್ತೈದು. ಮರಿಗಳಾಗಿದ್ದವು, ನಿಲ್ಲಲಿಲ್ಲ. ಪಶುವೈದ್ಯನ ಜೊತೆ ಸೇರಿ ಅವಳು ಹೊಸ ಅಧಿಕಾರಿಗೆ ಒಂದು ಅರ್ಜಿ ಕೊಟ್ಟಳು. ದ್ವೀಪದ ಇಳಿಜಾರಿನಲ್ಲಿ ಒಂದು ತುಂಡು ನೆಲಕ್ಕೆ ತಂತಿಬೇಲಿ ಹಾಕಬೇಕು, ಜಿಂಕೆಗಳ ಬಾಯಿ ತಾಗದ ನೆಲದಲ್ಲಿ ಹುಲ್ಲು ಬರುತ್ತದೋ ಇಲ್ಲವೋ ವಾರವಾರ ಅಳೆಯಬೇಕು. ಭಂಡಾರದ ಕೆಲಸ ಕೆಡದಂತೆ ರಜಾದಿನ ಮಾತ್ರ ಹೋಗುವುದಾದರೆ ಹೋಗಿ ಎಂದರು ಅಧಿಕಾರಿ.

ಹೊರಡುವ ದಿನ ಬೆಳಿಗ್ಗೆ ದೋಣಿಗಟ್ಟೆಗೆ ಬಂದಾಗ ಅಪ್ಪ ಅಲ್ಲಿದ್ದ. ಅವಳು ಕರೆದಿರಲಿಲ್ಲ. ಹಾರೆಕೋಲನ್ನು ಕಾಲ ಬಳಿ ಇಟ್ಟುಕೊಂಡು, ದೋಣಿಯವನು ಕೊಟ್ಟ ಚಹಾ ಕುಡಿಯುತ್ತಿದ್ದ.

"ನೀನು ಕಂಬ ನೆಟ್ರೆ ಗಾಳಿಗೇ ಬೀಳುತ್ತೆ," ಎಂದಷ್ಟೇ ಹೇಳಿ ದೋಣಿ ಹತ್ತಿದ.

ದಿನವಿಡೀ ಅವನು ಗುಂಡಿ ತೋಡಿದ, ಅವಳು ಕಂಬ ಹಿಡಿದಳು. ನೆಲ ಗಟ್ಟಿಯಾಗಿತ್ತು. ಹಾರೆ ಬಿದ್ದಲ್ಲೆಲ್ಲ ಧೂಳು ಏಳುತ್ತಿತ್ತು, ಒಂದು ಬೇರೂ ಅಡ್ಡ ಬರಲಿಲ್ಲ. ಮೂರು ಕಡೆ ತಂತಿ ಬಿಗಿದು ನಾಲ್ಕನೆಯ ಕಡೆಗೆ ಬಂದಾಗ ಸೂರ್ಯ ಇನ್ನೂ ಮೇಲಿದ್ದ. ಐದಾರು ಜಿಂಕೆಗಳು ದೂರದಲ್ಲಿ ನಿಂತು ನೋಡುತ್ತಿದ್ದವು. ಅಪ್ಪ ಅವುಗಳ ಕಡೆ ಒಂದು ಸಲ ಕಣ್ಣು ಹಾಯಿಸಿದ, ಯಾವುದನ್ನೂ ಹೆಸರು ಹಿಡಿದು ಕರೆಯಲಿಲ್ಲ. ಬೆವರು ಒರೆಸಿಕೊಂಡು, ಬೇಲಿಯೊಳಗಿನ ಬೋಳು ನೆಲವನ್ನು ಕಾಲಿನಿಂದ ಕೆದಕಿ ನೋಡಿದ.

"ಎಷ್ಟು ವರ್ಷ ಬೇಕಾಗುತ್ತೆ ಇದು ಚಿಗುರೋಕೆ?"

"ಗೊತ್ತಿಲ್ಲಪ್ಪಾ," ಎಂದಳು ಅವಳು.

ಅಪ್ಪ ತಲೆಯಾಡಿಸಿದ. "ಸರಿ. ಆ ಮೂಲೆ ಕಂಬ ಇನ್ನೂ ಅಲ್ಲಾಡ್ತಿದೆ. ಎರಡು ಕಲ್ಲು ತಾ."